ಹಿರೇಮಣಿಗೊಂದು ಪದವಿ

ಹಿಂದಿನ ಕಾಲದ ಕೂಲಿಮಠಗಳಲ್ಲಿ ‘ಹಿರೇಮಣಿ’ ಎಂಬ ಒಬ್ಬ ಹುಡುಗನಿರುತ್ತಿದ್ದನೆಂಬುದನ್ನು ಓದುಗರಲ್ಲಿ ಕೆಲವರು ತಮ್ಮ ಹಿರಿಯರ ಬಾಯಿಂದ ಕೇಳಿರಬಹುದು. ಐಗಳು ಊಟಕ್ಕೋ ಸಂತೆಗೋ ಎದ್ದು ಹೋದರೆ ಮಠದ ಭಾರವೆಲ್ಲ ಅವನದು. ಕಿರಿಯರ ಬೆರಳು ಹಿಡಿದು ಮರಳಿನಲ್ಲಿ ಅಕ್ಷರ ತಿದ್ದಿಸುವುದು, ಮಗ್ಗಿ ಹೇಳಿಸುವುದು, ತಪ್ಪಿದವನ ಕಿವಿ ಹಿಂಡುವುದು, ಎಲ್ಲವೂ ಅವನ ಅಧಿಕಾರಕ್ಕೆ ಸೇರಿದ್ದು. ಅವನಿಗೆ ಸಂಬಳವಿರಲಿಲ್ಲ, ಐಗಳ ಪಕ್ಕದಲ್ಲಿ ಒಂದು ಜಾಗವಿತ್ತು.

ಈ ಹುಡುಗನ ನೆನಪು ನನಗೆ ಈಚೆಗೆ ಬಂದದ್ದು ಇಂಗ್ಲೆಂಡಿನಿಂದ ಬಂದ ಒಂದು ಕಾಗದದಿಂದ. ಕಾಗದವೆಂದರೆ ಅಂಚೆಯವನು ತಂದದ್ದಲ್ಲ, ಮಿಂಚಂಚೆ. ಆದರೆ ನಾಲ್ಕು ಪುಟ ತುಂಬ ಕನ್ನಡದಲ್ಲಿ ಬರೆದದ್ದನ್ನು ಕಾಗದವೆಂದು ಕರೆಯುವುದೇ ನ್ಯಾಯ. ಬರೆದಾಕೆ ನನ್ನ ಹಳೆಯ ವಿದ್ಯಾರ್ಥಿನಿ. ಕನ್ನಡ ಎಂ.ಎ.ಯಲ್ಲಿ ಒಳ್ಳೆಯ ದರ್ಜೆ ಪಡೆದವಳು. ಮದುವೆಯಾಗಿ ಆ ದೇಶಕ್ಕೆ ಹೋದ ಮೇಲೆ ಅಲ್ಲಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಮೊದಲು ಮಧ್ಯಾಹ್ನದ ಊಟದ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿ, ಅನಂತರ ತರಗತಿಯ ಬೋಧನಾ ಸಹಾಯಕಿಯಾದಳು. ಎರಡು ವರ್ಷದ ಹಿಂದೆ ಆಕೆ ನನ್ನನ್ನು ಒಂದು ಸಲಹೆ ಕೇಳಿದ್ದಳು: “ಸಾರ್, ಇಲ್ಲಿ ‘ಉನ್ನತ ಶ್ರೇಣಿಯ ಬೋಧನಾ ಸಹಾಯಕಿ’ ಎಂಬ ಸ್ಥಾನಕ್ಕೆ ಪರೀಕ್ಷಿಸಿಕೊಳ್ಳಬಹುದಂತೆ. ಮಾಡಲೆ?” ನಾನು ಬೇಡವೆಂದು ಬರೆದೆ. ಎಂ.ಎ. ಓದಿದವಳು ಸಹಾಯಕಿಯ ಪ್ರಮಾಣಪತ್ರಕ್ಕೆ ಕೈಚಾಚುವುದೆ ಎಂಬ ಅಭಿಮಾನ ಒಂದು. ಬೇರೆ ಕಾರಣಗಳೂ ಇದ್ದುವು. ಆಕೆ ನನ್ನ ಮಾತು ಕೇಳಲಿಲ್ಲ. ಕೇಳದೆ ಇದ್ದದ್ದು ಒಳ್ಳೆಯದೇ ಆಯಿತೆಂದು ಈಗ ಅನ್ನಿಸುತ್ತಿದೆ. ಪೂರ್ತಿ ಅಲ್ಲ, ಮುಕ್ಕಾಲು ಪಾಲು.

ಈ ಸ್ಥಾನದ ಚರಿತ್ರೆಯನ್ನು ಸ್ವಲ್ಪ ಹೇಳಬೇಕು. ಉಪಾಧ್ಯಾಯರ ಹೊರೆಯನ್ನು ತಗ್ಗಿಸಬೇಕೆಂದು 2003ರ ಜನವರಿಯಲ್ಲಿ ಅಲ್ಲಿಯ ಸರ್ಕಾರ, ಶಾಲೆಗಳನ್ನು ನಡೆಸುವವರು, ಹೆಚ್ಚಿನ ನೌಕರ ಸಂಘಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಉಪಾಧ್ಯಾಯರ ಅತಿ ದೊಡ್ಡ ಸಂಘ ಮಾತ್ರ ಅದಕ್ಕೆ ಸಹಿ ಹಾಕಲಿಲ್ಲ. ಅರ್ಹತೆ ಪಡೆದ ಉಪಾಧ್ಯಾಯರಿಲ್ಲದೆ ತರಗತಿ ನಡೆಯಕೂಡದೆಂಬುದು ಅದರ ವಾದ. ಒಪ್ಪಂದದ ಫಲವಾಗಿ 2005ರ ಸೆಪ್ಟೆಂಬರಿನಿಂದ ಪ್ರತಿಯೊಬ್ಬ ಉಪಾಧ್ಯಾಯರಿಗೂ ಬೋಧನೆಯ ವೇಳೆಯಲ್ಲಿ ನೂರಕ್ಕೆ 10ರಷ್ಟು ಪಾಠದ ಸಿದ್ಧತೆಗೆ ಬಿಡುವಾಗಿ ದೊರೆಯಿತು. ಉಪಾಧ್ಯಾಯರು ಹೀಗೆ ಎದ್ದು ಹೋದ ಹೊತ್ತಿನಲ್ಲಿ ತರಗತಿ ಯಾರದು? ಅಲ್ಲಿಗೆ ಬೇಕಾಯಿತು ಹಿರೇಮಣಿ. ‘ಉನ್ನತ ಶ್ರೇಣಿ’ ಹುಟ್ಟಿದ್ದು ಆ ಒಪ್ಪಂದದಿಂದ.

ಇದನ್ನು ಪಡೆಯುವುದು ಸುಲಭವೆಂದು ಯಾರೂ ತಿಳಿಯಬಾರದು. ನಮ್ಮ ಎಸ್.ಎಸ್.ಎಲ್.ಸಿ.ಗೆ ಹೋಲಿಸಬಹುದಾದ ಮಟ್ಟದಲ್ಲಿ ಇಂಗ್ಲಿಷ್ ಮತ್ತು ಗಣಿತಗಳ ಅರ್ಹತೆ ಇರಬೇಕು. ಹರಿಹರ ರಾಘವಾಂಕರನ್ನು ಓದಿದ ನನ್ನ ವಿದ್ಯಾರ್ಥಿನಿ ರಾತ್ರಿ ಮಕ್ಕಳನ್ನು ಮಲಗಿಸಿ, ಅಡುಗೆಮನೆಯ ಮೇಜಿನ ಮೇಲೆ ಶೇಕಡಾ ಲೆಕ್ಕವನ್ನೂ ಭಿನ್ನರಾಶಿಯನ್ನೂ ಹೊಸದಾಗಿ ಕಲಿತಳು. ಅದಾದ ಮೇಲೆ 33 ವೃತ್ತಿ ಮಾನದಂಡಗಳು. ಒಂಟಿ ಮಗುವಿನೊಡನೆ, ಒಂದು ಚಿಕ್ಕ ಗುಂಪಿನೊಡನೆ, ಉಪಾಧ್ಯಾಯರಿಲ್ಲದ ಹೊತ್ತಿನಲ್ಲಿ ಇಡೀ ತರಗತಿಯೊಡನೆ, ಹೀಗೆ ಮೂರು ಬಗೆಯಲ್ಲೂ ತಾನು ಕಲಿಸಬಲ್ಲೆನೆಂಬುದಕ್ಕೆ ಬರೆಹದ ಸಾಕ್ಷ್ಯ ಒದಗಿಸಬೇಕು. ಕೊನೆಗೆ ಪರೀಕ್ಷಕರೊಬ್ಬರು ಅರ್ಧ ದಿನ ಶಾಲೆಗೇ ಬಂದು ಆಕೆಯನ್ನು ಮಾತನಾಡಿಸುತ್ತಾರೆ. ಮುಖ್ಯೋಪಾಧ್ಯಾಯರನ್ನೂ ಕಂಡು ವಿಚಾರಿಸುತ್ತಾರೆ. “ಎಂ.ಎ. ಮೌಖಿಕ ಪರೀಕ್ಷೆಯಲ್ಲಿ ನಿಮ್ಮೆದುರು ಕೂತಾಗಲೂ ಇಷ್ಟು ಹೆದರಿರಲಿಲ್ಲ ಸಾರ್” ಎಂದು ಆಕೆ ಬರೆದಿದ್ದಾಳೆ. ಅದು ನನಗೆ ಪ್ರಶಂಸೆಯೋ ಅಲ್ಲವೋ ತಿಳಿಯದು.

ಇಷ್ಟೆಲ್ಲ ಆದ ಮೇಲೆ ದೊರೆಯುವುದು ‘ಸ್ಥಾನ’ವೇ ಹೊರತು ವಿದ್ಯಾರ್ಹತೆಯಲ್ಲ. ಅಲ್ಲಿನವರು ಈ ಭೇದವನ್ನು ಬಹಳ ಎಚ್ಚರದಿಂದ ಕಾಪಾಡಿಕೊಂಡಿದ್ದಾರೆ. ಕನ್ನಡದಲ್ಲಿ ಇದನ್ನು ಹೇಳಹೊರಟರೆ ಒಂದು ತೊಡಕು, ಒಂದು ಸೊಗಸು. ನಮ್ಮ ‘ಪದವಿ’ ಎಂಬ ಮಾತು ಎರಡನ್ನೂ ಹೇಳುತ್ತದೆ: ವಿಶ್ವವಿದ್ಯಾನಿಲಯ ಕೊಡುವುದೂ ಪದವಿ, ಮಂತ್ರಿಗಿರುವುದೂ ಪದವಿ. ಸಂಸ್ಕೃತದಲ್ಲಿ ಈ ಶಬ್ದದ ಮೊದಲ ಅರ್ಥ ಇವೆರಡೂ ಅಲ್ಲ; ‘ದಾರಿ’ ಎಂದು. ಹೆಜ್ಜೆ ಇಟ್ಟು ನಡೆಯುವ ಹಾದಿಯೇ ಕಾಲಕ್ರಮದಲ್ಲಿ ಹಾದಿಯ ತುದಿಯಲ್ಲಿರುವ ಪೀಠವಾಯಿತು. ಕನ್ನಡ ಮೇಷ್ಟರ ಚಪಲವೆಂದು ಓದುಗರು ಇದನ್ನು ಕ್ಷಮಿಸಬೇಕು. ಆದರೆ ನಾನು ಹೇಳಬೇಕೆಂದಿರುವುದಕ್ಕೆ ಈ ಮೂಲಾರ್ಥ ಸಂಬಂಧಪಟ್ಟಿದೆ.

ನಾನು ಬೇಡವೆಂದದ್ದಕ್ಕೆ ಒಂದು ಕಾರಣ ಅಂಜಿಕೆ. ಸಹಾಯಕರನ್ನು ಮುಂದಿಟ್ಟುಕೊಂಡು ಅಗ್ಗದಲ್ಲಿ ಶಾಲೆ ನಡೆಸುವ ಯುಕ್ತಿ ಹಳೆಯದು; ಅದರ ಕತೆಯಲ್ಲಿ ನಮ್ಮ ಸೀಮೆಗೂ ಪಾಲಿದೆ. ಆ್ಯಂಡ್ರೂ ಬೆಲ್ ಎಂಬ ಪಾದ್ರಿ 1789ರಲ್ಲಿ ಮದರಾಸಿನ ಗಂಡುಮಕ್ಕಳ ಅನಾಥಾಲಯದ ಮೇಲ್ವಿಚಾರಕನಾದ. ಅಲ್ಲಿನ ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನಲ್ಲಿಯೂ ಅದನ್ನು ತರಲು ಹೊರಟಾಗ ಅವನ ಕೈಕೆಳಗಿನ ಉಪಾಧ್ಯಾಯರು ಇದು ಆಗದ ಹೋಗದ ಮಾತೆಂದರು. ಬೆಲ್ ಎಂಟು ವರ್ಷದ ಒಬ್ಬ ಹುಡುಗನನ್ನು ಕರೆದು ತರಗತಿಯನ್ನು ಒಪ್ಪಿಸಿದ. ಹುಡುಗ ಕಲಿಸಿದ. 1797ರಲ್ಲಿ ಈ ಪ್ರಯೋಗದ ವರದಿ ಲಂಡನ್ನಿನಲ್ಲಿ ಅಚ್ಚಾಯಿತು. ಹೆಚ್ಚು ಕಡಿಮೆ ಅದೇ ಕಾಲಕ್ಕೆ ಜೋಸೆಫ್ ಲ್ಯಾಂಕಾಸ್ಟರ್ ಎಂಬಾತ ಅಂಥದೇ ಪದ್ಧತಿಯಿಂದ ಒಬ್ಬ ಮೇಷ್ಟರಲ್ಲಿ ನೂರಾರು ಮಕ್ಕಳಿಗೆ ಪಾಠ ಹೇಳಿಸಿ ಹೆಸರಾದ. ‘ಮದರಾಸು ಪದ್ಧತಿ’ ಎಂಬ ಹೆಸರಿನಲ್ಲಿ ನಮ್ಮ ಹಿರೇಮಣಿ ಹೀಗೆ ಸಮುದ್ರ ದಾಟಿದ.

1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ ತನ್ನ ಜಿಲ್ಲೆಯ ಶಾಲೆಗಳ ವರದಿ ಬರೆದಾಗ ಈ ಋಣವನ್ನು ಒಪ್ಪಿಕೊಂಡಿದ್ದಾನೆ. ಜಿಲ್ಲೆಯಲ್ಲಿ ಅವನು ಎಣಿಸಿದ 533 ಶಾಲೆಗಳಲ್ಲಿ 235 ಕನ್ನಡ ಶಾಲೆಗಳು. ಮುಂದುವರಿದ ಹುಡುಗರಿಂದ ಹಿಂದುಳಿದವರಿಗೆ ಕಲಿಸುವ, ಕಡಿಮೆ ಖರ್ಚಿನ ಆ ಕ್ರಮವನ್ನು ಅವನು ಮೆಚ್ಚಿ, ಇಂಗ್ಲೆಂಡು ಅದನ್ನು ಅನುಕರಿಸಿದ್ದು ಸರಿಯೇ ಎಂದ. ಮೆಚ್ಚುಗೆಯಲ್ಲಿ ಖರ್ಚಿನ ಮಾತು ಬಂದಿರುವುದನ್ನು ಗಮನಿಸಬೇಕು. ಬಡ ಊರಿನ ಐಗಳಿಗೆ ಅದು ಅನಿವಾರ್ಯವಾಗಿತ್ತು. ಸಿರಿವಂತ ರಾಜ್ಯವೊಂದಕ್ಕೆ ಅದು ಉಳಿತಾಯದ ಉಪಾಯವಾಯಿತು.

ಆದರೆ ಅದೇ ಇಂಗ್ಲೆಂಡು 1846ರಲ್ಲಿ ಇನ್ನೊಂದು ಕೆಲಸ ಮಾಡಿತು. ನನಗೆ ಅದರ ಮೇಲೆ ಬಹಳ ಗೌರವವಿದೆ. ಕೇ-ಷಟಲ್‌ವರ್ತ್ ಎಂಬ ಅಧಿಕಾರಿಯ ಯೋಜನೆಯಂತೆ ಹದಿಮೂರು ವರ್ಷದ ಹುಡುಗ ಹುಡುಗಿಯರು ಐದು ವರ್ಷದ ಕರಾರಿನ ಮೇಲೆ ‘ಶಿಷ್ಯೋಪಾಧ್ಯಾಯ’ರಾಗಿ ಶಾಲೆಗೆ ಸೇರುತ್ತಿದ್ದರು. ಹಗಲು ಪಾಠ ಹೇಳುವುದು. ದಿನಕ್ಕೆ ಒಂದೂವರೆ ಗಂಟೆ ಮುಖ್ಯೋಪಾಧ್ಯಾಯನಿಂದ ಪಾಠ ಹೇಳಿಸಿಕೊಳ್ಳುವುದು. ಹೇಳಿಕೊಟ್ಟ ಆತನಿಗೂ ಅದಕ್ಕೆ ಸಂಭಾವನೆ ಇತ್ತು. ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರರ ಪರೀಕ್ಷೆ. ತೇರ್ಗಡೆಯಾದಂತೆ ಸರ್ಕಾರದ ವೇತನವೂ ಏರುತ್ತ, ಮೊದಲ ವರ್ಷದ 10 ಪೌಂಡು ಐದನೆಯ ವರ್ಷಕ್ಕೆ 20 ಆಗುತ್ತಿತ್ತು. ಕೊನೆಯಲ್ಲಿ ರಾಣಿಯ ಹೆಸರಿನ ವಿದ್ಯಾರ್ಥಿವೇತನದ ಪರೀಕ್ಷೆ. ಗೆದ್ದವರಿಗೆ ತರಬೇತಿ ಕಾಲೇಜಿನ ಬಾಗಿಲು ತೆರೆಯುತ್ತಿತ್ತು. ಮಕ್ಕಳಿಂದ ದುಡಿಸಿಕೊಂಡರೆಂಬ ದೂರು ಅದರ ಮೇಲೆ ಇದೆ, ಸುಳ್ಳೂ ಅಲ್ಲ. ಆದರೂ ಅಲ್ಲಿ ಮೆಟ್ಟಿಲು ಮೆಟ್ಟಿಲಿಗೂ ಹಣವಿತ್ತು, ಮೇಲೆ ಬಾಗಿಲಿತ್ತು. 1862ರಲ್ಲಿ ಸರ್ಕಾರ ನೇರವಾಗಿ ವೇತನ ಕೊಡುವುದನ್ನು ನಿಲ್ಲಿಸಿ, ಅದನ್ನು ಶಾಲೆಯ ಆಡಳಿತದವರ ವಿವೇಚನೆಗೆ ಬಿಟ್ಟಿತು. ಶಿಷ್ಯೋಪಾಧ್ಯಾಯರಾಗಿ ಬರುವವರ ಸಂಖ್ಯೆ ಇಳಿಯಿತು. ಇಳಿಯದೆ ಇನ್ನೇನು?

ಈಗಿನ ‘ಉನ್ನತ ಶ್ರೇಣಿ’ಯೂ ಅದೇ ವಿವೇಚನೆಯ ಪಾಲಾಗಿದೆ. ಸ್ಥಾನಕ್ಕೆ ದೇಶವ್ಯಾಪಿ ಮಾನದಂಡವುಂಟು, ದೇಶವ್ಯಾಪಿ ವೇತನವಿಲ್ಲ. ಸ್ಥಾನ ಪಡೆದವರಿಗೆ ಹುದ್ದೆ ಕೊಡಲೇಬೇಕೆಂಬ ಕಟ್ಟೂ ಇಲ್ಲ. ನನ್ನ ವಿದ್ಯಾರ್ಥಿನಿಯ ಶಾಲೆ ಕಂಡುಕೊಂಡಿರುವ ಏರ್ಪಾಟು ವಿಚಿತ್ರವಾದದ್ದು, ಆದರೆ ಅಲ್ಲಿ ಅಪರೂಪದ್ದಲ್ಲವಂತೆ: ಉಪಾಧ್ಯಾಯರ ಬಿಡುವಿನಲ್ಲಿ ತರಗತಿಯನ್ನು ತಾನೇ ನಡೆಸುವಷ್ಟು ಗಂಟೆಗಳಿಗೆ ಮಾತ್ರ ಆಕೆಗೆ ಹೆಚ್ಚಿನ ದರ, ಉಳಿದ ಗಂಟೆಗಳಿಗೆ ಹಳೆಯ ದರ. ಮಂಗಳವಾರ ಮಧ್ಯಾಹ್ನ ಆಕೆ ಉನ್ನತ ಶ್ರೇಣಿಯವಳು. ಬುಧವಾರ ಬೆಳಗ್ಗೆ ಬರಿಯ ಸಹಾಯಕಿ. ಮಕ್ಕಳಿಗೆ ಈ ವ್ಯತ್ಯಾಸ ತಿಳಿಯದು. ಮಂಗಳವಾರ ಕೇಳಿದ ಪ್ರಶ್ನೆಯ ಉಳಿದರ್ಧವನ್ನು ಅವರು ಬುಧವಾರ ಕೇಳುತ್ತಾರೆ. ಆಗ ಆಕೆ ಏನು ಮಾಡಬೇಕು?

ಇಂಥ ಒಂದು ಕಾಲ ನನ್ನ ಬಾಳಿನಲ್ಲಿಯೂ ಇತ್ತು. ಖಾಸಗಿ ಕಾಲೇಜೊಂದರಲ್ಲಿ ತಾತ್ಕಾಲಿಕ ಉಪನ್ಯಾಸಕನಾಗಿದ್ದಾಗ ಅಧ್ಯಾಪಕರ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದೆ. ಸಹೋದ್ಯೋಗಿಗಳು ಹಾರ ಹಾಕಿದರು, ಮೈಸೂರು ಪಾಕು ಹಂಚಿದೆ. ಮರುದಿನ ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಕೆಂಪು ಗೆರೆಯ ಕೆಳಗೇ ಇತ್ತು, ಹಿಂದಿನಂತೆಯೇ ಗಂಟೆ ಲೆಕ್ಕದ ಸಂಬಳ. ಮೂರು ವರ್ಷ ಹಾಗೆಯೇ ಕಳೆಯಿತು. ಆ ಗೆರೆಯ ನೆನಪೇ ಎರಡು ವರ್ಷದ ಹಿಂದೆ ನನ್ನ ಕೈಯಿಂದ ‘ಬೇಡ’ ಎಂದು ಬರೆಸಿತೋ ಏನೋ.

ಹಾಗಾದರೆ ಆಕೆಗೆ ಲಾಭವೇನಾಯಿತು? ಕಾಗದದ ಮೂರನೆಯ ಪುಟದಲ್ಲಿ ಅದಕ್ಕೆ ಉತ್ತರವಿದೆ. ಇಂಗ್ಲಿಷು ಬಾರದೆ ಹೊಸದಾಗಿ ಬಂದ ಒಬ್ಬ ಹುಡುಗನನ್ನು ಆಕೆಗೆ ವಹಿಸಿದ್ದರು. ಭಾಗಾಕಾರ ಅವನಿಗೆ ಕಬ್ಬಿಣದ ಕಡಲೆ. ಪಕ್ಕದಲ್ಲಿ ಕೂತು, ಅವನು ತಡವರಿಸಿದೊಡನೆ ಆಕೆ ಉತ್ತರವನ್ನು ಹೇಳಿಬಿಡುತ್ತಿದ್ದಳಂತೆ. ಅವನ ಪುಸ್ತಕ ಖಾಲಿ ಕಾಣಬಾರದೆಂಬ ಕನಿಕರ. 33 ಮಾನದಂಡಗಳಿಗೆ ಸಾಕ್ಷ್ಯ ಹುಡುಕುವಾಗ, ಆ ವಾರದಲ್ಲಿ ಹುಡುಗ ತಾನಾಗಿ ಮಾಡಿದ ಲೆಕ್ಕ ಯಾವುದೆಂದು ನೋಡಿದರೆ ಒಂದೂ ಇಲ್ಲ. ಎಲ್ಲವೂ ಆಕೆಯದೇ. “ಅವತ್ತು ರಾತ್ರಿ ನಿದ್ದೆ ಬರಲಿಲ್ಲ ಸಾರ್. ಮಾರನೆ ದಿನದಿಂದ ಬಾಯಿ ಮುಚ್ಚಿಕೊಂಡು ಕೂರುವುದನ್ನು ಕಲಿತೆ” ಎಂದು ಬರೆದಿದ್ದಾಳೆ.

ಈ ಒಂದು ಮಾತಿನಲ್ಲಿ ದೊಡ್ಡ ಸಂಶೋಧನೆಯೊಂದರ ಸಾರವಿದೆಯೆಂಬುದು ಆಕೆಗೆ ತಿಳಿದಿರಲಿಕ್ಕಿಲ್ಲ. ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಷನ್ನಿನ ಪೀಟರ್ ಬ್ಲ್ಯಾಚ್‌ಫರ್ಡ್ ಮತ್ತು ಸಂಗಡಿಗರು 2003ರಿಂದ 2008ರವರೆಗೆ ನಡೆಸಿದ ಅಧ್ಯಯನದಲ್ಲಿ ಕಂಡದ್ದು ಎಲ್ಲರನ್ನೂ ಬೆಚ್ಚಿಸಿತು. ಸಹಾಯಕರ ನೆರವು ಹೆಚ್ಚಾಗಿ ಪಡೆದ ಮಕ್ಕಳು ತಮ್ಮಂಥವರೇ ಆದ, ನೆರವು ಕಡಿಮೆ ಪಡೆದ ಮಕ್ಕಳಿಗಿಂತ ಹಿಂದೆ ಬಿದ್ದಿದ್ದರು. ಪತ್ರಿಕೆಗಳು ಸಹಾಯಕರನ್ನು ದೂರಿದವು. ಸಂಶೋಧಕರು ಹೇಳಿದ್ದು ಅದಲ್ಲ. ಹಿಂದುಳಿದ ಮಗುವನ್ನು ಸಹಾಯಕರಿಗೆ ಒಪ್ಪಿಸಿ ಉಪಾಧ್ಯಾಯರು ದೂರವಾದದ್ದು, ಇಬ್ಬರೂ ಕೂತು ಪಾಠದ ವಿಚಾರ ಮಾತನಾಡಲು ಹೊತ್ತಿಲ್ಲದ್ದು, ಕಲಿಕೆಗಿಂತ ಕೆಲಸ ಮುಗಿಸುವುದಕ್ಕೇ ಸಹಾಯಕರು ಗಮನ ಕೊಡುವಂತಾದದ್ದು, ಇವು ಕಾರಣಗಳೆಂದರು. ದೋಷ ವ್ಯಕ್ತಿಯದಲ್ಲ, ಅವರನ್ನು ನಿಲ್ಲಿಸಿದ ಜಾಗದ್ದು. ಪೂರ್ಣಾವಧಿಯ ಲೆಕ್ಕದಲ್ಲಿ ಸುಮಾರು 2,80,000 ಸಹಾಯಕರಿರುವ ದೇಶಕ್ಕೆ ಇದು ಸಣ್ಣ ಮಾತಲ್ಲ.

ಆದ್ದರಿಂದ ಈ ಸ್ಥಾನ ಪೊಳ್ಳೆಂದು ನಾನೀಗ ಹೇಳಲಾರೆ. ಹೆಸರಿಲ್ಲದೆ ಮಾಡುತ್ತಿದ್ದ ಕೆಲಸಕ್ಕೆ ಹೆಸರು ಬಂದಾಗ, ಮಾಡುವವರು ಅದನ್ನು ಎದುರಿಗಿಟ್ಟುಕೊಂಡು ನೋಡುವಂತಾಗುತ್ತದೆ. ನನ್ನ ವಿದ್ಯಾರ್ಥಿನಿಗೆ ಅದು ದೊರೆಯಿತು, ಅವಳಿಂದ ಆ ಹುಡುಗನಿಗೂ ದೊರೆಯಿತು. ನನ್ನ ತಕರಾರು ಇಷ್ಟೆ: ಮಾನದಂಡವನ್ನು ಸರ್ಕಾರ ಗೊತ್ತುಮಾಡುವುದಾದರೆ ಕೂಲಿಯನ್ನೂ ಅದೇ ಗೊತ್ತುಮಾಡಬೇಕು. ಸಹಾಯಕ ಸಿಬ್ಬಂದಿಯ ವೇತನ ನಿರ್ಧರಿಸಲೆಂದೇ 2009ರ ಕಾಯಿದೆಯೊಂದು ಮಂಡಳಿಯನ್ನು ಕಟ್ಟಿತ್ತು. ಮರುವರ್ಷ ಬಂದ ಸರ್ಕಾರ ಅದನ್ನು ಬೇಡವೆಂದಿತು. 2024ರ ಅಕ್ಟೋಬರಿನಲ್ಲಿ ಮಂಡಿಸಿದ ಉದ್ಯೋಗ ಹಕ್ಕುಗಳ ಮಸೂದೆಯಲ್ಲಿ ಅದನ್ನು ಮತ್ತೆ ಕಟ್ಟುವ ವಿಧಿ ಸೇರಿತು. ಹೀಗೆ ಕೆಡವಿ ಕಟ್ಟುವುದರಲ್ಲಿ ಕಳೆದದ್ದು ಒಂದೂವರೆ ದಶಕ. ಮೇಲಿನ ಬಾಗಿಲ ವಿಚಾರವೂ ಹಾಗೆಯೇ. ಪದವಿಯಿಲ್ಲದ ಸಹಾಯಕರು ದುಡಿಯುತ್ತಲೇ ನಾಲ್ಕು ವರ್ಷದಲ್ಲಿ ಪದವಿಯನ್ನೂ ಉಪಾಧ್ಯಾಯರ ಅರ್ಹತೆಯನ್ನೂ ಪಡೆಯಬಹುದಾದ ಯೋಜನೆಯನ್ನು 2024ರಲ್ಲಿ ಪ್ರಕಟಿಸಿದರು. 1846ರ ಏಣಿ ಬೇರೆ ವೇಷದಲ್ಲಿ ಮರಳಿತೆಂದು ನಾನು ಸಂತೋಷಪಟ್ಟೆ.

ನನ್ನ ವಿದ್ಯಾರ್ಥಿನಿಗೆ ಪದವಿ ಮೊದಲೇ ಇದೆ. ಆಕೆಗೆ ಬೇಕಾದದ್ದು ಉಪಾಧ್ಯಾಯರ ತರಬೇತಿ ಮಾತ್ರ. ಅದಕ್ಕೆ 9,000 ಪೌಂಡಿಗೂ ಮೀರಿದ ಶುಲ್ಕ, ಜೊತೆಗೆ ಒಂದು ವರ್ಷ ಸಂಬಳವಿಲ್ಲ. ಎರಡು ಮಕ್ಕಳ ಮನೆಯಲ್ಲಿ ಅದು ಆಗುವ ಮಾತಲ್ಲ. ಸಂಬಳದೊಡನೆ ತರಬೇತಿ ಪಡೆಯುವ ಇನ್ನೊಂದು ದಾರಿಯುಂಟು. ಸ್ಥಳಗಳು ಕಡಿಮೆ, ಶಾಲೆಯೇ ಒಪ್ಪಿ ಮುಂದೆ ಬರಬೇಕು. ಎರಡು ವರ್ಷದ ಹಿಂದೆ ಕೇಳಿದ್ದರೆ ಶಾಲೆ ನಕ್ಕುಬಿಡುತ್ತಿತ್ತೆಂದೂ, ಈಗ ಮುಖ್ಯೋಪಾಧ್ಯಾಯರೇ ಕರೆದು ಅರ್ಜಿ ಹಾಕೆಂದಿದ್ದಾರೆಂದೂ ಕಾಗದದ ಕೊನೆಯ ಪುಟದಲ್ಲಿದೆ. ಸಹಾಯ ಬೇಕಾಗಿರುವುದು ಇಷ್ಟಕ್ಕೆ: ತನ್ನ ಬಿ.ಎ. ಮತ್ತು ಎಂ.ಎ. ಅಂಕಪಟ್ಟಿಗಳ ದೃಢೀಕೃತ ಪ್ರತಿ. ನಾಳೆ ಸೋಮವಾರ, ಕಾಲೇಜಿಗೆ ರಜೆ ಹಾಕಿ ವಿಶ್ವವಿದ್ಯಾನಿಲಯದ ಪರೀಕ್ಷಾ ವಿಭಾಗಕ್ಕೆ ಹೋಗುವವನಿದ್ದೇನೆ. ಅರ್ಜಿಯ ನಮೂನೆಯನ್ನು ತುಂಬಿಟ್ಟಿದ್ದೇನೆ. ಪ್ರತಿಗಳನ್ನು ಕಳಿಸಬೇಕಾದ ವಿಳಾಸದ ಕೆಳಗೆ ಪಿನ್ ಕೋಡಿಗೆ ಆರು ಚೌಕಗಳಿವೆ. ಇಂಗ್ಲೆಂಡಿನ ಸಂಕೇತದ ಅಕ್ಷರ, ಅಂಕಿಗಳನ್ನು ಅವುಗಳಲ್ಲಿ ಹಿಡಿಸಲು ನೋಡಿ, ಆಗದೆ, ನನ್ನ ಮನೆಯ ವಿಳಾಸವನ್ನೇ ಬರೆದಿದ್ದೇನೆ.