ದೂರು ಕೊಟ್ಟವರು ಊರಿನ ವೈರಿಗಳೇ?

2024ರ ಸೆಪ್ಟೆಂಬರ್‌ನಲ್ಲಿ ಯಾದಗಿರಿ ಜಿಲ್ಲೆಯ ಹುಣಸಗಿ ತಾಲ್ಲೂಕಿನ ಒಂದು ಗ್ರಾಮ ರಾಜ್ಯಾದ್ಯಂತ ಸುದ್ದಿಯಾಯಿತು. ಅಪ್ರಾಪ್ತ ವಯಸ್ಸಿನ ದಲಿತ ಬಾಲಕಿಯ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ಅವಳ ಹೆತ್ತವರು ಪೊಲೀಸರಿಗೆ ದೂರು ನೀಡಿದ್ದರು. ರಾಜಿ ಮಾತುಕತೆಗೆ ಅವರು ಮಣಿದಿರಲಿಲ್ಲ. ಪೋಕ್ಸೊ ಕಾಯ್ದೆಯಡಿ ಪ್ರಕರಣ ದಾಖಲಾಯಿತು, ಆರೋಪಿಯ ಬಂಧನವಾಯಿತು. ಕಾನೂನು ತನ್ನ ಕೆಲಸವನ್ನು ಮಾಡಿತು. ಆದರೆ ಊರು ಮಾಡಿದ್ದೇನು? ದೂರು ಕೊಟ್ಟ ತಪ್ಪಿಗೆ ಆ ಗ್ರಾಮದ ದಲಿತರ ಮೇಲೆ ಬಹಿಷ್ಕಾರ ಹೇರಿತು. ಅಂಗಡಿಗಳಲ್ಲಿ ಅವರಿಗೆ ಸಾಮಾನು ಸಿಗದಾಯಿತು. ಮಕ್ಕಳಿಗೆ ಬೇಕಾದ ಪೆನ್ನು, ಪುಸ್ತಕಗಳೂ ಸಿಗಲಿಲ್ಲವೆಂದು ವರದಿಯಾಯಿತು. ಬಾಲಕಿಯ ಗುರುತು ಬಯಲಾಗಬಾರದೆಂಬ ಕಾರಣಕ್ಕೆ ಆ ಗ್ರಾಮದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹೆಸರಿನ ಅಗತ್ಯವೂ ಇಲ್ಲ. ಏಕೆಂದರೆ ಇದು ಒಂದು ಊರಿನ ರೋಗವಲ್ಲ.

ನೆರೆಯ ಸುರಪುರ ತಾಲ್ಲೂಕಿನ ಕಕ್ಕೇರಾವನ್ನೇ ನೋಡಿರಿ. ಕಾಗದದ ಮೇಲೆ ಅದು ಪುರಸಭೆಯುಳ್ಳ ಪಟ್ಟಣ. ಆದರೆ ಅಲ್ಲಿನ ಅನೇಕ ಕುಟುಂಬಗಳ ವಾಸ ಹೊಲಗಳ ನಡುವೆ ಚದುರಿದ ದೊಡ್ಡಿಗಳಲ್ಲಿ. ದುಡಿಯುವ ವಯಸ್ಸಿನವರು ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವುದು ಈ ಭಾಗದ ವಾಡಿಕೆ. ಮನೆಯಲ್ಲಿ ಉಳಿಯುವವರು ವೃದ್ಧರು ಮತ್ತು ಮಕ್ಕಳು. ಇಂತಹ ಒಂಟಿ ಮನೆಯಲ್ಲಿ ಅಪರಾಧವೊಂದು ನಡೆದರೆ ಅದು ಹೊರಜಗತ್ತಿಗೆ ತಿಳಿಯುವುದು ಹೇಗೆ? ಸುದ್ದಿ ಮೊದಲು ಮುಟ್ಟುವುದು ಠಾಣೆಗಲ್ಲ, ಅಗಸಿ ಕಟ್ಟೆಗೆ. ಅಲ್ಲಿ ಹಿರಿಯರು ಕೂಡುತ್ತಾರೆ. ಊರಿನ ಮರ್ಯಾದೆ, ಮನೆತನದ ಮಾನ, ಹುಡುಗಿಯ ಭವಿಷ್ಯ, ಇವೆಲ್ಲ ಚರ್ಚೆಗೆ ಬರುತ್ತವೆ. ಅಪರಾಧವೊಂದೇ ಚರ್ಚೆಗೆ ಬರುವುದಿಲ್ಲ. ಕೊನೆಗೆ ಒಂದಿಷ್ಟು ದಂಡ ಅಥವಾ ಒಂದು ಅವಸರದ ಮದುವೆ. ಅಪರಾಧಿ ಮರುದಿನ ಅದೇ ಬೀದಿಯಲ್ಲಿ ತಲೆಯೆತ್ತಿ ನಡೆಯುತ್ತಾನೆ.

ನಮ್ಮ ಜಮಾಅತ್‌ಗಳು ಇದಕ್ಕೆ ಹೊರತಾಗಿವೆಯೇ? ಇಲ್ಲವೆಂದು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕು. ಸಹೋದರನ ತಪ್ಪನ್ನು ಮುಚ್ಚಿಟ್ಟವನ ತಪ್ಪುಗಳನ್ನು ಅಲ್ಲಾಹನು ಮುಚ್ಚಿಡುವನೆಂಬ ಪ್ರವಾದಿ(ಸ)ವರ ಬೋಧನೆಯನ್ನು ಇಂತಹ ಸಂದರ್ಭಗಳಲ್ಲಿ ಉದ್ಧರಿಸುವುದುಂಟು. ಆದರೆ ಆ ಬೋಧನೆ ಇರುವುದು ವ್ಯಕ್ತಿಯ ಖಾಸಗಿ ದೌರ್ಬಲ್ಯಗಳನ್ನು ಹುಡುಕಿ ಹರಾಜು ಹಾಕಬಾರದೆಂದು ಹೇಳಲಿಕ್ಕೆ. ಇನ್ನೊಬ್ಬರ ಪ್ರಾಣ, ಮಾನ, ಸೊತ್ತಿನ ಮೇಲೆ ನಡೆದ ಆಕ್ರಮಣವನ್ನು ಹೂತುಹಾಕಲಿಕ್ಕಲ್ಲ. ಅಕ್ರಮಿಯಾದ ಸಹೋದರನಿಗೂ ನೆರವಾಗಬೇಕೆಂದ ಪ್ರವಾದಿ(ಸ)ವರು, ಅವನ ಕೈಯನ್ನು ಅಕ್ರಮದಿಂದ ತಡೆಯುವುದೇ ಆ ನೆರವೆಂದು ಸ್ಪಷ್ಟಪಡಿಸಿದ್ದರು. ಸಾಕ್ಷ್ಯವನ್ನು ಬಚ್ಚಿಡುವವನ ಹೃದಯವು ಪಾಪಗ್ರಸ್ತವೆಂದು ಪವಿತ್ರ ಕುರ್‌ಆನಿನ ಅಲ್‌ಬಕರ ಅಧ್ಯಾಯ ಎಚ್ಚರಿಸುತ್ತದೆ. ಸ್ವತಃ ನಮಗೆ, ಹೆತ್ತವರಿಗೆ, ಬಂಧುಗಳಿಗೆ ವಿರುದ್ಧವಾಗಿದ್ದರೂ ನ್ಯಾಯದ ಪರ ಸಾಕ್ಷ್ಯ ವಹಿಸಬೇಕೆಂದು ಅನ್ನಿಸಾ ಅಧ್ಯಾಯ ಆದೇಶಿಸುತ್ತದೆ.

ಅದೇ ಅಧ್ಯಾಯದ 105ನೇ ವಚನದಿಂದ ಮುಂದಿನ ಭಾಗದ ಹಿನ್ನೆಲೆಯಾಗಿ ವ್ಯಾಖ್ಯಾನಕಾರರು ವಿವರಿಸುವ ಘಟನೆಯನ್ನು ಪ್ರತಿಯೊಂದು ಮಸೀದಿಯ ಮಿಂಬರಿನಿಂದ ಹೇಳಬೇಕಾಗಿದೆ. ಮದೀನಾದಲ್ಲಿ ಮುಸ್ಲಿಮನೆಂದು ಗುರುತಿಸಿಕೊಂಡಿದ್ದ ಒಬ್ಬನು ಯುದ್ಧಕವಚವನ್ನು ಕದ್ದು, ಅಪವಾದವನ್ನು ಒಬ್ಬ ಯಹೂದಿಯ ಮೇಲೆ ಹೊರಿಸಿದ. ಗೋತ್ರದವರು ತಮ್ಮವನೆಂಬ ಕಾರಣಕ್ಕೆ ಅವನ ಪರ ವಾದಿಸಿದರು. ಆದರೆ ಅವತೀರ್ಣವಾದ ವಚನಗಳು ವಂಚಕರ ಪರ ವಾದಿಸಬಾರದೆಂದು ಆಜ್ಞಾಪಿಸಿದವು, ಯಹೂದಿಯ ನಿರಪರಾಧಿತ್ವ ಸಾಬೀತಾಯಿತು. ತಮ್ಮವನನ್ನು ರಕ್ಷಿಸುವುದೇ ಸಮುದಾಯ ಪ್ರೇಮವೆಂದು ಭಾವಿಸುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇರೆ ಬೇಕೇ?

ಮೌನದ ಇನ್ನೊಂದು ಮುಖವೇ ಗುಂಪು ಹಿಂಸೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೊರಗಿನ ಯುವಕರನ್ನು ಮಕ್ಕಳ ಕಳ್ಳರೆಂದು ಶಂಕಿಸಿ ಜನರು ಮುಗಿಬಿದ್ದರು. ವಾಟ್ಸಪ್ ವದಂತಿಗೆ ಹೈದರಾಬಾದಿನ ಮುಸ್ಲಿಮ್ ಯುವಕನೊಬ್ಬ ಬಲಿಯಾದ. ರಕ್ಷಿಸಲು ಹೋದ ಪೊಲೀಸರೂ ಗಾಯಗೊಂಡರು. ತನ್ನ ಓಣಿಯಲ್ಲಿ ನಡೆದ ನಿಜವಾದ ಅಪರಾಧದ ಬಗ್ಗೆ ಬಾಯಿ ಬಿಡದ ಸಮಾಜ, ಅಪರಿಚಿತನ ಮೇಲಿನ ಸುಳ್ಳು ಆರೋಪಕ್ಕೆ ಕಲ್ಲೆತ್ತುತ್ತದೆ. ಎರಡೂ ಕಡೆ ತಿರಸ್ಕೃತವಾಗುವುದು ಕಾನೂನೇ. ಸುದ್ದಿಯನ್ನು ಪರಿಶೀಲಿಸದೆ ಒಂದು ಜನವಿಭಾಗಕ್ಕೆ ಹಾನಿಯೆಸಗಿ ಆ ಬಳಿಕ ಪಶ್ಚಾತ್ತಾಪ ಪಡುವಂತಾಗಬಾರದೆಂಬ ಅಲ್‌ಹುಜುರಾತ್ ಅಧ್ಯಾಯದ ಎಚ್ಚರಿಕೆಯನ್ನೂ ಇಲ್ಲಿ ನೆನಪಿಸಿಕೊಳ್ಳಬೇಕು.

ಹಾಗಾದರೆ ಜನರು ಠಾಣೆಗೇಕೆ ಹೋಗುವುದಿಲ್ಲ? ಎಲ್ಲ ತಪ್ಪನ್ನೂ ಜನರ ಮೇಲೆ ಹೊರಿಸುವುದು ನ್ಯಾಯವಲ್ಲ. ಬಡವನಿಗೆ, ದಲಿತನಿಗೆ, ಮುಸ್ಲಿಮನಿಗೆ ಠಾಣೆಯ ಮೆಟ್ಟಿಲೆಂದರೆ ಇಂದಿಗೂ ಭಯ. ಪೊಲೀಸ್ ಪೇದೆಗಳಲ್ಲಿ ಮುಸ್ಲಿಮರ ಪ್ರಮಾಣ ಶೇ. 6ರಷ್ಟು ಮಾತ್ರವೆಂದು 2006ರ ಸಾಚಾರ್ ವರದಿ ತೋರಿಸಿತ್ತು. ದೂರು ಕೊಡಲು ಹೋದವನನ್ನೇ ಆರೋಪಿಯಂತೆ ಪ್ರಶ್ನಿಸುವ ಕಡೆ ವಿಶ್ವಾಸ ಹುಟ್ಟುವುದಾದರೂ ಹೇಗೆ? 2017ರಲ್ಲಿ ರಾಜ್ಯ ಪೊಲೀಸರು ಸುಧಾರಿತ ಬೀಟ್ ವ್ಯವಸ್ಥೆಯನ್ನು ತಂದರು. 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮ ಆರಂಭವಾಯಿತು. ಇವು ಸ್ವಾಗತಾರ್ಹ. ಆದರೆ ಬೀಟ್ ಪೊಲೀಸನು ಊರ ಗೌಡರ ಮನೆಯ ಚಹಾ ಕುಡಿದು ಮರಳಿದರೆ ಏನೂ ಆಗದು. ಅವನು ಕೇರಿಗೂ ಹೋಗಬೇಕು, ಹೊಲದ ದೊಡ್ಡಿಗೂ ಹೋಗಬೇಕು.

ಕಾನೂನು ಇಂದು ದೂರುದಾರನ ಪರವಾಗಿದೆಯೆಂಬುದು ಎಷ್ಟು ಮಂದಿಗೆ ಗೊತ್ತಿದೆ? ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು ಸುಪ್ರೀಮ್ ಕೋರ್ಟು 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಹೇಳಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಅಪರಾಧ ಎಲ್ಲೇ ನಡೆದಿರಲಿ, ಯಾವುದೇ ಠಾಣೆಯಲ್ಲಿ ದೂರು ನೀಡಬಹುದು. ಪ್ರತಿಯನ್ನು ಉಚಿತವಾಗಿ ಕೊಡಬೇಕು. ಠಾಣಾಧಿಕಾರಿ ನಿರಾಕರಿಸಿದರೆ ದೂರನ್ನು ಅಂಚೆಯ ಮೂಲಕ ಎಸ್ಪಿಯವರಿಗೆ ಕಳುಹಿಸಬಹುದು, ಅಲ್ಲಿಯೂ ಪರಿಹಾರ ಸಿಗದಿದ್ದರೆ ಮ್ಯಾಜಿಸ್ಟ್ರೇಟರ ಮೊರೆಹೋಗಬಹುದು. ಮಗುವಿನ ಮೇಲಿನ ಲೈಂಗಿಕ ಅಪರಾಧ ತಿಳಿದೂ ತಿಳಿಸದಿರುವುದು ಪೋಕ್ಸೊ ಕಾಯ್ದೆಯಡಿ ಶಿಕ್ಷಾರ್ಹ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿಯೇ ಪಡೆಯಲು ಅವಕಾಶವಿದೆ, ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿರಬಾರದು. ಬೆದರಿಕೆಯಿರುವ ಸಾಕ್ಷಿಗಳಿಗಾಗಿ 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಿದೆ. ದಲಿತರ ಮೇಲೆ ಸಾಮಾಜಿಕ ಬಹಿಷ್ಕಾರ ಹೇರುವುದು ದೌರ್ಜನ್ಯ ತಡೆ ಕಾಯ್ದೆಯಡಿ ಸ್ವತಃ ಒಂದು ಅಪರಾಧ. ತುರ್ತಿಗೆ 112, ಮಕ್ಕಳಿಗಾಗಿ 1098, ಈ ಎರಡು ಸಂಖ್ಯೆಗಳು ಪ್ರತಿಯೊಂದು ಮಸೀದಿಯ ಫಲಕದಲ್ಲಿ ನಮಾಝಿನ ವೇಳಾಪಟ್ಟಿಯ ಪಕ್ಕದಲ್ಲಿರಲಿ.

ಆದರೆ ಕಾನೂನು ಎಷ್ಟೇ ಬಲವಾಗಿದ್ದರೂ ದೂರು ಕೊಟ್ಟು ಮನೆಗೆ ಮರಳಿದ ಕುಟುಂಬಕ್ಕೆ ಮರುದಿನ ಹಾಲು ಕೊಡಬೇಕಾದವರು ನೆರೆಯವರೇ. ಇಲ್ಲಿಯೇ ಜಮಾಅತ್‌ಗಳ ನಿಜವಾದ ಪರೀಕ್ಷೆಯಿದೆ. ಗಂಭೀರ ಅಪರಾಧಗಳಲ್ಲಿ ರಾಜಿಗೆ ಕೂಡುವುದಿಲ್ಲವೆಂದು ಅವು ಬಹಿರಂಗವಾಗಿ ನಿರ್ಣಯಿಸಲಿ. ಠಾಣೆಗೆ ಒಂಟಿಯಾಗಿ ಹೋಗಲು ಅಂಜುವವರೊಂದಿಗೆ ಇಬ್ಬರು ವಿದ್ಯಾವಂತರನ್ನು, ಸಂತ್ರಸ್ತೆ ಹೆಣ್ಣಾಗಿದ್ದರೆ ಒಬ್ಬ ಮಹಿಳೆಯನ್ನು ಕಳುಹಿಸಲಿ. ನಿಕಾಹ್‌ಗೆ ಮುನ್ನ ವಧುವಿನ ವಯಸ್ಸಿನ ದಾಖಲೆಯನ್ನು ಕಾಝಿಗಳು ಕೇಳಲಿ. ಬಾಲ್ಯವಿವಾಹವು ಆಮಂತ್ರಣ ಪತ್ರ ಹಂಚಿ, ಊರಿಗೆ ಊಟ ಹಾಕಿ ನಡೆಸುವ ಅಪರಾಧ. ಉಂಡವರೆಲ್ಲರೂ ಅದರ ಸಾಕ್ಷಿಗಳು. ಮತ್ತು ಬಹಿಷ್ಕಾರಕ್ಕೊಳಗಾದವರು ಯಾವ ಧರ್ಮದವರೇ ಆಗಲಿ, ಯಾವ ಜಾತಿಯವರೇ ಆಗಲಿ, ಮುಸ್ಲಿಮ್ ವ್ಯಾಪಾರಿಯ ಅಂಗಡಿ ಅವರಿಗೆ ತೆರೆದಿರಲಿ. ಬಹಿಷ್ಕಾರದ ಕಹಿಯನ್ನು ಸ್ವತಃ ಉಂಡ ಸಮುದಾಯ ಇನ್ನೊಬ್ಬರ ಬಹಿಷ್ಕಾರದಲ್ಲಿ ಪಾಲುದಾರನಾಗಲು ಹೇಗೆ ಸಾಧ್ಯ?

ಅಪರಾಧದಿಂದ ಊರಿನ ಮಾನ ಹೋಗುವುದು ನಿಜ. ಆದರೆ ಅದನ್ನು ಕಳೆದವನು ಅಪರಾಧಿಯೇ ಹೊರತು ದೂರು ಕೊಟ್ಟವನಲ್ಲ. ಹೋದ ಮಾನವನ್ನು ಮರಳಿ ತರಲು ಹೊರಟವನು ಅವನು. ಅವನನ್ನು ಒಂಟಿಯಾಗಿಸುವ ಊರಿನಲ್ಲಿ ಮುಂದಿನ ಅಪರಾಧಕ್ಕೆ ಬಾಗಿಲು ತೆರೆದೇ ಇರುತ್ತದೆ, ಮತ್ತು ಅದು ಯಾರ ಮನೆಯ ಬಾಗಿಲೆಂದು ಯಾರಿಗೂ ತಿಳಿದಿರುವುದಿಲ್ಲ.