ಹೊಸ್ತಿಲಿನಿಂದ ಹೊಸ್ತಿಲಿಗೆ

ದೆಹಲಿಯಿಂದ ಅಟ್ಲಾಂಟಿಕ್ ಮಾರ್ಗವಾಗಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುತ್ತಿದ್ದ ಏರ್ ಇಂಡಿಯಾ ವಿಮಾನವು 2016ರ ಅಕ್ಟೋಬರಿನಲ್ಲಿ ಪೆಸಿಫಿಕ್ ಸಾಗರದ ಮೇಲಿನ ದಾರಿ ಹಿಡಿಯಿತು. ಹೊಸ ದಾರಿ ಸುಮಾರು 1,400 ಕಿಲೋಮೀಟರಿನಷ್ಟು ಹೆಚ್ಚು ದೀರ್ಘ. ಆದರೂ ಪಯಣದ ಅವಧಿ ಸುಮಾರು ಎರಡು ಗಂಟೆ ಕಡಿಮೆಯಾಯಿತು. ಬಹು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಗಾಳಿ ವಿಮಾನವನ್ನು ಹಿಂದಿನಿಂದ ನೂಕಿದ್ದೇ ಇದಕ್ಕೆ ಕಾರಣ. ದೂರ ಬೇರೆ, ಕಾಲ ಬೇರೆ ಎಂಬುದಕ್ಕೆ ಇನ್ನೊಂದು ಸಾಕ್ಷಿ ಬೇಕಿಲ್ಲ.

ಹೊರನಾಡಿನಲ್ಲಿರುವ ನಾವು ಮಾತ್ರ ಇವೆರಡನ್ನೂ ಒಂದೆಂದೇ ಭಾವಿಸಿ ನೆಮ್ಮದಿಯಾಗಿರುತ್ತೇವೆ. ದೆಹಲಿಯಿಂದ ಬೆಂಗಳೂರಿಗೆ ವಾಯುಮಾರ್ಗದಲ್ಲಿ ಸುಮಾರು 1,700 ಕಿಲೋಮೀಟರ್. ಮೂರು ಗಂಟೆಯೊಳಗಿನ ಹಾರಾಟ. ಈ ಲೆಕ್ಕ ಹೇಳಿಯೇ ನಾನು ಅಪ್ಪನನ್ನು ಸಮಾಧಾನಪಡಿಸುತ್ತಿದ್ದೆ. ಅವರಿಗೆ ತೀರಾ ಹುಷಾರಿಲ್ಲವೆಂದು ಕರೆ ಬಂದ ದಿನ ರಜೆ ಮಂಜೂರಾಗಿ, ಟಿಕೆಟ್ ದೊರೆತು, ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿದು ಮಲೆನಾಡಿನ ನಮ್ಮೂರು ಮುಟ್ಟುವಷ್ಟರಲ್ಲಿ ಇಪ್ಪತ್ತಾರು ಗಂಟೆ ಕಳೆದಿತ್ತು. ಅಂಗಳದಲ್ಲಿ ಚಟ್ಟ ಸಿದ್ಧವಾಗಿತ್ತು.

ವಿಮಾನದ ವೇಳಾಪಟ್ಟಿ ಸುಳ್ಳು ಹೇಳಿರಲಿಲ್ಲ. ಅದನ್ನು ಊರಿನ ದೂರವೆಂದು ತಿಳಿದ ತಪ್ಪು ನನ್ನದು. ಊರನ್ನು ಅಳೆಯಬೇಕಾದದ್ದು ನಿಲ್ದಾಣದಿಂದ ನಿಲ್ದಾಣಕ್ಕಲ್ಲ, ಹೊಸ್ತಿಲಿನಿಂದ ಹೊಸ್ತಿಲಿಗೆ. ಹೆತ್ತವರಿಗೆ ‘ಕರೆದರೆ ಮೂರು ಗಂಟೆಯಲ್ಲಿ ಬರುತ್ತೇನೆ’ ಎಂದು ಭರವಸೆ ಕೊಡುವುದಕ್ಕಿಂತ, ಅವರು ಕರೆಯದಿರುವಾಗಲೇ ವರ್ಷಕ್ಕೆರಡು ಬಾರಿ ಹೋಗಿ ನಾಲ್ಕು ದಿನ ಜೊತೆಗಿದ್ದು ಬರುವುದು ಲೇಸು. ಕೂಡಿಟ್ಟ ಗಳಿಕೆ ರಜೆಗೆ ನಿವೃತ್ತಿಯ ದಿನ ಹಣ ಸಿಕ್ಕೀತು. ಆ ನಾಲ್ಕು ದಿನಗಳು ಸಿಗಲಾರವು.