ತಾಳಿ ಇಲ್ಲದ ಮನೆಯ ಏಟು

ಕಣ್ಣಂಚು ಊದಿಸಿಕೊಂಡ ಹೆಣ್ಣುಮಗಳೊಬ್ಬಳು ಕಂಕುಳಲ್ಲಿ ಮಗು ಎತ್ತಿಕೊಂಡು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಳೆನ್ನಿ. ‘ಎಲ್ಲಿ ಹೊಡೆದ, ಯಾವಾಗ ಹೊಡೆದ’ ಎಂದು ಕೇಳುವುದಕ್ಕೆ ಮುಂಚೆಯೇ ಅವಳಿಗೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ: ‘ಅವ್ನು ನಿನ್ಗೆ ಏನಾಗ್ಬೇಕಮ್ಮಾ?’ ಗಂಡ ಎಂದರೆ ಮಾತು ಒಂದು ದಾರಿ ಹಿಡಿಯುತ್ತದೆ. ‘ಮದ್ವೆ ಆಗಿಲ್ಲ ಸಾರ್, ಜೊತೇಲಿದೀವಿ’ ಎಂದರೆ ರೈಟರ್ ಕೈಯಲ್ಲಿದ್ದ ಪೆನ್ನು ನಿಲ್ಲುತ್ತದೆ. ಅಲ್ಲಿಂದ ಮುಂದೆ ಅವಳ ಊದಿದ ಕಣ್ಣಿಗಿಂತ ಅವಳ ಕೊರಳಿನ ಕಡೆಗೇ ಎಲ್ಲರ ಗಮನ.

ಇದಕ್ಕೆ ಪೊಲೀಸರನ್ನಷ್ಟೇ ದೂರಿ ಪ್ರಯೋಜನವಿಲ್ಲ. ಅವರ ಮುಂದಿರುವ ಕಾನೂನೂ ಅದನ್ನೇ ಕೇಳುತ್ತದೆ. ಗಂಡ ಮತ್ತು ಗಂಡನ ಕಡೆಯವರ ಕ್ರೌರ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸೆಕ್ಷನ್ 85 ಇದೆ. ಹಳೆಯ 498ಎ ಅದು. ಮೂರು ವರ್ಷದವರೆಗೆ ಸಜೆ. ಆಕೆ ದೂರು ಕೊಟ್ಟರೆ ಪೊಲೀಸರು ನೇರವಾಗಿ ಎಫ್‌ಐಆರ್ ದಾಖಲಿಸಬಹುದು. ಮದುವೆಯಾಗಿಲ್ಲದಿದ್ದರೆ, ಅದೇ ಅಡುಗೆಮನೆಯಲ್ಲಿ ಅದೇ ಕೈಯಿಂದ ಬಿದ್ದ ಏಟಿಗೆ ಸಾಮಾನ್ಯವಾಗಿ ಉಳಿಯುವುದು ಸೆಕ್ಷನ್ 115(2). ಗರಿಷ್ಠ ಒಂದು ವರ್ಷದ ಸಜೆ, ಇಲ್ಲವೇ 10,000 ರೂಪಾಯಿವರೆಗೆ ದಂಡ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ನಡೆಸುವಂತೆಯೂ ಇಲ್ಲ. ಹಾಗಾಗಿ ಒಂದು ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಬರೆದು, ಅವನನ್ನು ಕರೆಸಿ ಮುಚ್ಚಳಿಕೆ ಬರೆಸಿಕೊಂಡು, ‘ಇನ್ನೊಂದ್ ಸಲ ಗಲಾಟೆ ಬಂದ್ರೆ ನೋಡು’ ಎಂದು ಗದರಿ, ಇಬ್ಬರನ್ನೂ ಅದೇ ಮನೆಗೆ ಕಳಿಸುವುದು ರೂಢಿಯಾಗಿದೆ.

‘ಗಂಡ’ ಎಂದರೆ ಯಾರು ಎಂಬುದರಲ್ಲೂ ನ್ಯಾಯಾಲಯಗಳಿಗೆ ಒಂದೇ ಅಭಿಪ್ರಾಯವಿಲ್ಲ. ಮದುವೆಯೇ ಅಸಿಂಧು ಎಂಬ ನೆಪ ಹೇಳಿ 498ಎಯಿಂದ ನುಣುಚಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿತ್ತು. 2023ರಲ್ಲಿ ಕರ್ನಾಟಕ ಹೈಕೋರ್ಟ್ ತುಮಕೂರು ಜಿಲ್ಲೆಯ ಪ್ರಕರಣವೊಂದರಲ್ಲಿ ಎರಡನೇ ಹೆಂಡತಿಯ ದೂರು ಊರ್ಜಿತವಲ್ಲ ಎಂದಿತು. ಮದುವೆಯಾಗದ ಸಂಗಾತಿಯನ್ನು ಗಂಡ ಎನ್ನಲಾಗದು ಎಂದು ಮರುವರ್ಷ ಕೇರಳ ಹೈಕೋರ್ಟ್ ಹೇಳಿತು. ಏಟು ತಿಂದವಳಿಗೆ ರಕ್ಷಣೆ ಸಿಗುವುದೋ ಇಲ್ಲವೋ ಎಂಬುದು ಅವಳ ಅರ್ಜಿ ಯಾವ ಪೀಠದ ಮುಂದೆ ಬಂತು ಎಂಬುದರ ಮೇಲೆ ನಿಂತಿದೆ ಎಂದರೆ ಅದನ್ನು ಕಾನೂನು ಎನ್ನುವುದು ಕಷ್ಟ.

ಈ ಕೊರತೆ ನೀಗಲೆಂದೇ ಬಂದದ್ದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ. 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಈ ಕಾಯ್ದೆಯ ಸೆಕ್ಷನ್ 2(ಎಫ್) ಮದುವೆಯ ಸ್ವರೂಪದ ಸಂಬಂಧವನ್ನೂ ಕೌಟುಂಬಿಕ ಸಂಬಂಧವೆಂದು ಒಪ್ಪಿತು. ಆ ದಿನಕ್ಕೆ ಅದು ದಿಟ್ಟ ಹೆಜ್ಜೆ. ಆದರೆ ‘ಮದುವೆಯ ಸ್ವರೂಪದ’ ಎಂಬುದಕ್ಕೆ ವಿವರಣೆ ಕೊಡದೆ ಸಂಸತ್ತು ಕೈತೊಳೆದುಕೊಂಡಿತು. 2010ರಲ್ಲಿ ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಅವರಿದ್ದ ಪೀಠ ಆ ಜಾಗ ತುಂಬಿತು. ಇಬ್ಬರೂ ಸಮಾಜದ ಕಣ್ಣಿಗೆ ದಂಪತಿಗಳಂತೆ ಕಾಣಿಸಿಕೊಂಡಿರಬೇಕು, ಮದುವೆಯ ವಯಸ್ಸಾಗಿರಬೇಕು, ಮದುವೆಯಾಗಲು ಬೇರೆ ಅಡ್ಡಿ ಇರಬಾರದು, ಸ್ವಇಚ್ಛೆಯಿಂದ ಗಣನೀಯ ಕಾಲ ಒಟ್ಟಿಗೆ ಬಾಳಿರಬೇಕು ಎಂದಿತು. ಅದೇ ತೀರ್ಪಿನಲ್ಲಿ ‘ಇಟ್ಟುಕೊಂಡವಳು’ ಎಂಬರ್ಥದ ಮಾತೂ ಬಂದು, ಆಗ ಅಡಿಷನಲ್ ಸಾಲಿಸಿಟರ್ ಜನರಲ್ ಆಗಿದ್ದ ಇಂದಿರಾ ಜೈಸಿಂಗ್ ತೆರೆದ ನ್ಯಾಯಾಲಯದಲ್ಲೇ ಆಕ್ಷೇಪಿಸಿದ್ದರು.

ಮೂರು ವರ್ಷಗಳ ನಂತರ ಸುಪ್ರೀಂ ಕೋರ್ಟ್ ಮುಂದೆ ಬಂದ ಪ್ರಕರಣ ನಮ್ಮ ಬೆಂಗಳೂರಿನದೇ. ಒಂದೇ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು 1992ರಿಂದ ಹಲವು ವರ್ಷ ಒಟ್ಟಿಗೆ ಬಾಳಿದ್ದರು. ಆತನಿಗೆ ಆಗಲೇ ಮದುವೆಯಾಗಿ ಇಬ್ಬರು ಮಕ್ಕಳಿದ್ದರು. ಅದು ಆಕೆಗೂ ಗೊತ್ತಿತ್ತು. ಆತ ಬಿಟ್ಟು ಹೋದ ಮೇಲೆ ಬೆಂಗಳೂರಿನ ಮ್ಯಾಜಿಸ್ಟ್ರೇಟರು ಆಕೆಗೆ ತಿಂಗಳಿಗೆ 18,000 ರೂಪಾಯಿ ಜೀವನಾಂಶ ಕೊಡಿಸಿದರು. ಹೈಕೋರ್ಟ್ ಅದನ್ನು ರದ್ದುಪಡಿಸಿತು. 2013ರ ನವೆಂಬರ್ 26ರಂದು ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ನೇತೃತ್ವದ ಪೀಠ ಹೈಕೋರ್ಟ್ ಆದೇಶವನ್ನೇ ಎತ್ತಿಹಿಡಿಯಿತು. ಮದುವೆಯಾಗದೆ ಒಟ್ಟಿಗೆ ಬಾಳುವುದು ಅಪರಾಧವೂ ಅಲ್ಲ, ಪಾಪವೂ ಅಲ್ಲ ಎಂದ ಅದೇ ತೀರ್ಪು, ಆತ ವಿವಾಹಿತನೆಂದು ತಿಳಿದೇ ಜೊತೆಗಿದ್ದವಳಿಗೆ ಈ ಕಾಯ್ದೆಯ ನೆರಳಿಲ್ಲ ಎಂದಿತು. ಇಂಥ ಸಂಬಂಧಗಳಲ್ಲಿ ನರಳುವುದು ಹೆಚ್ಚಾಗಿ ಬಡ ಹೆಣ್ಣುಮಕ್ಕಳು ಮತ್ತು ಅವರ ಮಕ್ಕಳು, ಸಂಸತ್ತು ಕಾನೂನು ತರಬೇಕು ಎಂದೂ ಅದೇ ಪೀಠ ಹೇಳಿತು. ಆ ಮಾತು ಕೇಳಿಸಿಕೊಂಡವರು ದೆಹಲಿಯಲ್ಲಿ ಯಾರೂ ಇದ್ದಂತಿಲ್ಲ.

ದಂಪತಿಗಳಂತೆ ಕಾಣಿಸಿಕೊಂಡಿರಬೇಕು ಎಂಬ ಷರತ್ತು ದಿನನಿತ್ಯದ ಬದುಕಿನಲ್ಲಿ ಹೇಗೆ ಕೆಲಸ ಮಾಡುತ್ತದೆ ನೋಡಿ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ‘ಫ್ಯಾಮಿಲಿನಾ, ಬ್ಯಾಚುಲರ್ಸಾ?’ ಎಂಬ ಪ್ರಶ್ನೆ ಗೊತ್ತು. ಮನೆ ಸಿಗಬೇಕೆಂದರೆ ಫ್ಯಾಮಿಲಿ ಎನ್ನಬೇಕು. ಹೇಳುತ್ತಾರೆ. ಅಗ್ರಿಮೆಂಟಿನಲ್ಲಿ ಅವನೊಬ್ಬನ ಹೆಸರು, ಅಡ್ವಾನ್ಸ್‌ನಲ್ಲಿ ಅರ್ಧ ಅವಳ ದುಡ್ಡು. ಬಸಿರಾದಾಗ ಆಶಾ ಕಾರ್ಯಕರ್ತೆ ಮಾಡಿಸಿಕೊಟ್ಟ ತಾಯಿ ಕಾರ್ಡಿನಲ್ಲಿ ಗಂಡನ ಹೆಸರಿನ ಮುಂದೆ ಅವನ ಹೆಸರು. ಊರಿಗೆ ಫೋನ್ ಮಾಡಿದಾಗ ಮಾತ್ರ ಅವಳು ಪಿಜಿಯಲ್ಲಿದ್ದಾಳೆ, ಅವನು ಫ್ರೆಂಡ್ಸ್ ಜೊತೆ ಇದ್ದಾನೆ. ಮುಂದೆ ಜಗಳ ಕೋರ್ಟಿಗೆ ಹೋದರೆ ಅವನ ವಕೀಲರು ಊರಿಗೆ ಹೇಳಿದ ಕಥೆಯನ್ನು ಹಿಡಿಯುತ್ತಾರೆ, ಅವಳ ವಕೀಲರು ಮನೆ ಮಾಲೀಕರಿಗೆ ಹೇಳಿದ್ದನ್ನು. ಸುಳ್ಳು ಹೇಳಿದವಳಿಗೆ ರಕ್ಷಣೆ ಸಿಗಬಹುದು, ಇದ್ದದ್ದನ್ನು ಇದ್ದಹಾಗೆ ಹೇಳಿದವಳು ಬೀದಿಗೆ ಬೀಳಬಹುದು. ಅಪ್ಪ–ಅಮ್ಮನಿಗೆ ಹೆದರಿ, ಜಾತಿಗೆ ಹೆದರಿ ಸಂಬಂಧವನ್ನು ಮುಚ್ಚಿಟ್ಟವರ ಪಾಡೇ ಎಲ್ಲಕ್ಕಿಂತ ಕಷ್ಟ. ಏಟು ತಿಂದಾಗ ಓಡಿಹೋಗಲು ತವರಿನ ಬಾಗಿಲೂ ಇಲ್ಲ, ಕಾನೂನಿನ ಬಾಗಿಲೂ ಇಲ್ಲ.

ಠಾಣೆಯಲ್ಲಿ ಇಂಥವರಿಗೆ ಸುಲಭವಾಗಿ ಸಿಗುವ ಗಟ್ಟಿ ಸೆಕ್ಷನ್ ಬೇರೆಯದು. ಮದುವೆಯಾಗುವುದಾಗಿ ನಂಬಿಸಿ ದೈಹಿಕ ಸಂಪರ್ಕ ಬೆಳೆಸಿದರೆ ಹತ್ತು ವರ್ಷದವರೆಗೆ ಸಜೆ ವಿಧಿಸುವ ನ್ಯಾಯ ಸಂಹಿತೆಯ ಸೆಕ್ಷನ್ 69. ವರ್ಷಗಟ್ಟಲೆ ಹೊಡೆತ ತಿಂದವಳ ದೂರು ಹೀಗೆ ಮದುವೆಯ ಮಾತು ತಪ್ಪಿದ ದೂರಾಗಿ ಬರೆಯಲ್ಪಡುತ್ತದೆ. ಸಮ್ಮತಿಯಿಂದಲೇ ಇಷ್ಟು ವರ್ಷ ಜೊತೆಗಿದ್ದಿರಲ್ಲ ಎಂದು ಕೋರ್ಟ್ ಕೇಳುತ್ತದೆ. ದೀರ್ಘಕಾಲದ ಸಂಬಂಧಗಳಲ್ಲಿ ಇಂಥ ಪ್ರಕರಣಗಳನ್ನು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ರದ್ದು ಮಾಡಿದೆ, ಅದರ ತರ್ಕದಲ್ಲಿ ತಪ್ಪೂ ಇಲ್ಲ. ಆದರೆ ಸುಳ್ಳು ಕೇಸು ಎಂಬ ಹಣೆಪಟ್ಟಿ ಅವಳಿಗೆ ಅಂಟುತ್ತದೆ. ನಿಜವಾಗಿ ನಡೆದ ಹಿಂಸೆ ಯಾವ ಕಾಗದದಲ್ಲೂ ಇರುವುದಿಲ್ಲ.

ಅಂಕಿಅಂಶಗಳೂ ಇದೇ ಕುರುಡಿನವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49ರ ವಯಸ್ಸಿನ, ಮದುವೆಯಾದ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ದೇಶದ ಸರಾಸರಿ ಶೇ 29.3. ಆ ಪಟ್ಟಿಯಲ್ಲಿ ನಾವೇ ಮೊದಲಿಗರು. ನಾಚಿಕೆಗೆ ಅಷ್ಟು ಸಾಕು. ಆದರೆ ತಾಳಿಯಿಲ್ಲದವಳು ಆ ಲೆಕ್ಕದಲ್ಲೇ ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 2022ರಲ್ಲಿ ದೇಶದಲ್ಲಿ 28,522 ಕೊಲೆಗಳನ್ನು ದಾಖಲಿಸಿದೆ. ಉದ್ದೇಶಗಳ ಪಟ್ಟಿಯಲ್ಲಿ ಪ್ರೇಮ ಪ್ರಕರಣ ಎಂದೊಂದು, ಅಕ್ರಮ ಸಂಬಂಧ ಎಂದೊಂದು ಕಾಲಂ ಇವೆ. ಸತ್ತವರು ಕೊಂದವರ ಜೊತೆ ಒಂದೇ ಮನೆಯಲ್ಲಿದ್ದರೇ, ಇಬ್ಬರಿಗೆ ಮಗುವಿತ್ತೇ, ಮೊದಲೇ ದೂರು ಕೊಟ್ಟಿದ್ದರೇ ಎಂಬುದನ್ನು ಆ ಕಾಲಂಗಳು ಹೇಳುವುದಿಲ್ಲ. 2022ರಲ್ಲಿ ದೇಶವನ್ನು ಬೆಚ್ಚಿಬೀಳಿಸಿದ ದೆಹಲಿಯ ಮೆಹ್ರೌಲಿ ಕೊಲೆ ಪ್ರಕರಣದಲ್ಲಿ ಸತ್ತ ಯುವತಿ, ತನ್ನನ್ನು ಕೊಲ್ಲುವುದಾಗಿ ಜೊತೆಗಿದ್ದ ಸಂಗಾತಿ ಬೆದರಿಸುತ್ತಿದ್ದಾನೆ ಎಂದು 2020ರ ನವೆಂಬರ್‌ನಲ್ಲೇ ಮಹಾರಾಷ್ಟ್ರದ ಪೊಲೀಸರಿಗೆ ಬರೆದುಕೊಟ್ಟಿದ್ದಳು. ನಂತರ ರಾಜಿಯಾಗಿದೆ ಎಂದು ಹೇಳಿಕೆ ಕೊಟ್ಟಳು. ಕಡತ ಮುಚ್ಚಿತು. ಆರೋಪಿಯ ವಿಚಾರಣೆ ನ್ಯಾಯಾಲಯಕ್ಕೆ ಬಿಟ್ಟದ್ದು. ಆ ಕಾಗದ ಓದಿದವರಿಗೆ ಅದು ‘ಲವರ್ಸ್ ಜಗಳ’ವಾಗಿ ಏಕೆ ಕಂಡಿತು ಎಂಬುದು ಮಾತ್ರ ನಮ್ಮೆಲ್ಲರ ಪ್ರಶ್ನೆ.

ಇನ್ನು ಮೂರನೆಯವರ ಮಾತು. ಟಿ.ವಿ. ವಾಹಿನಿಗಳಿಗೆ ಪ್ರಿಯವಾದದ್ದು ಇದೇ: ನಡುಬೀದಿಯಲ್ಲಿ ಜುಟ್ಟು ಹಿಡಿದ ಇಬ್ಬರು ಹೆಂಗಸರು, ‘ನನ್ ಗಂಡನ್ನ ಬುಟ್ಟಿಗೆ ಹಾಕ್ಕೊಂಡ್ಲು’ ಎಂಬ ಅಳು, ಚೌಕಟ್ಟಿನ ಹೊರಗೆ ಬೈಕ್ ಸ್ಟಾರ್ಟ್ ಮಾಡುತ್ತಿರುವ ಅವನು. ಮನೆಯೊಳಗೆ ಇಬ್ಬರಿಗೂ ಹೊಡೆದವನು ಹಾಗೆ ಕಥೆಯಿಂದ ಜಾರಿಕೊಳ್ಳುತ್ತಾನೆ. ಗೆಳತಿಯಾದವಳು ಗಂಡನ ‘ಸಂಬಂಧಿ’ ಅಲ್ಲ, ಹಾಗಾಗಿ ಅವಳನ್ನು 498ಎ ಅಡಿ ಆರೋಪಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. 2018ರಲ್ಲಿ ವ್ಯಭಿಚಾರದ ಸೆಕ್ಷನ್ 497 ರದ್ದಾಯಿತು. ಎರಡೂ ಸರಿಯಾದ ತೀರ್ಪುಗಳೇ. ಆದರೆ 2013ರ ತೀರ್ಪಿನ ಜೊತೆಗಿಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಹೆಂಡತಿ ಬೇಕಾದರೆ ಆ ಇನ್ನೊಬ್ಬಳ ಮೇಲೆ ಪರಿಹಾರ ಕೋರಿ ಸಿವಿಲ್ ದಾವೆ ಹೂಡಬಹುದು ಎಂಬ ಸೂಚನೆ ಆ ತೀರ್ಪಿನಲ್ಲಿದೆ. ಹೊಡೆತ ತಿಂದ ಇಬ್ಬರೂ ಹೊಡೆದವನನ್ನು ಒಟ್ಟಿಗೆ ಪ್ರಶ್ನಿಸುವ ದಾರಿಗಿಂತ, ಒಬ್ಬಳು ಇನ್ನೊಬ್ಬಳನ್ನು ಕೋರ್ಟಿಗೆಳೆಯುವ ದಾರಿಯೇ ನೇರವಾಗಿದೆ.

ಗಂಡಸರ ನಡುವಿನ ಪೈಪೋಟಿ ಇದಕ್ಕಿಂತ ಬೇಗ ರಕ್ತಕ್ಕೆ ತಿರುಗುತ್ತದೆ. ಬಿಟ್ಟು ಹೊರಡುವ ಹೊತ್ತು ಹೆಣ್ಣಿಗೆ ಅತ್ಯಂತ ಅಪಾಯದ ಹೊತ್ತು ಎಂಬುದು ಜಗತ್ತಿನಾದ್ಯಂತ ಸಂಶೋಧಕರು ಕಂಡುಕೊಂಡ ಸತ್ಯ. ಅವಳ ಬಾಳಿಗೆ ಇನ್ನೊಬ್ಬ ಬಂದಿದ್ದರೆ ಅಪಾಯ ಅವನಿಗೂ. ಮಗುವಿದ್ದರಂತೂ ಹಳಬ ಮತ್ತು ಹೊಸಬ ಎದುರುಬದುರಾಗುವುದು ತಪ್ಪುವುದೇ ಇಲ್ಲ. ಭಾನುವಾರ ಮಗು ನೋಡಲು ಬಂದವನು, ಬಾಗಿಲು ತೆರೆದವನು, ‘ಅಪ್ಪ ಯಾರು’ ಎಂಬ ಒಂದು ಕೊಂಕು ಮಾತು: ಜಗಳಕ್ಕೆ ಇನ್ನೇನು ಬೇಕು? ವಿಚ್ಛೇದಿತರಿಗಾದರೆ ಮಗುವನ್ನು ಎಲ್ಲಿ, ಎಷ್ಟು ಹೊತ್ತಿಗೆ ಭೇಟಿಯಾಗಬೇಕೆಂಬ ಆದೇಶವನ್ನು ಕೋರ್ಟೇ ಕೊಟ್ಟಿರುತ್ತದೆ. ಮದುವೆಯಾಗದ ಅಪ್ಪ–ಅಮ್ಮನ ನಡುವೆ ಅಂಥ ಕಾಗದವೇ ಇರುವುದಿಲ್ಲ. ಬಾಯಿಮಾತಿನ ಒಪ್ಪಂದ, ಅದೂ ಕುಡಿದ ರಾತ್ರಿಗೆ ಮುರಿಯುವಂಥದ್ದು.

ಸೋಜಿಗವೆಂದರೆ ಮಗುವಿನ ವಿಷಯದಲ್ಲಿ ನಮ್ಮ ಕಾನೂನು ಎಷ್ಟೋ ಮುಂದಿದೆ. ಮದುವೆಯ ಹೊರಗೆ ಹುಟ್ಟಿದ ಮಗುವಿಗೂ ತಂದೆ ಜೀವನಾಂಶ ಕೊಡಲೇಬೇಕು. ಅಂಥ ಮಗುವಿಗೆ ತಾಯಿಯೇ ಮೊದಲ ಸಹಜ ಪೋಷಕಿ ಎಂದು 1956ರ ಹಿಂದೂ ಅಪ್ರಾಪ್ತ ವಯಸ್ಕರ ಪೋಷಕತ್ವ ಕಾಯ್ದೆ ಹೇಳುತ್ತದೆ. ಪೋಷಕಿಯಾಗಲು ತಂದೆಯ ಹೆಸರು ಹೇಳಬೇಕಿಲ್ಲ ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಅಸಿಂಧು ಮದುವೆಯ ಮಕ್ಕಳಿಗೆ ತಂದೆ–ತಾಯಿಯ ಪಾಲಿನ ಆಸ್ತಿಯಲ್ಲಿ ಹಕ್ಕಿದೆ ಎಂಬ 2023ರ ತೀರ್ಪು ಕರ್ನಾಟಕದ ಪ್ರಕರಣದಿಂದಲೇ ಹುಟ್ಟಿದ್ದು. ದೇವದಾಸಿಯರ ಮಕ್ಕಳು ತಂದೆಯನ್ನು ಗುರುತಿಸುವಂತೆ ಕೇಳುವ ಹಕ್ಕನ್ನು ನಮ್ಮ ವಿಧಾನಮಂಡಲ 2025ರಲ್ಲಿ ಮಸೂದೆಯ ಮೂಲಕ ಒಪ್ಪಿಕೊಂಡಿತು. ಹೀಗೆ ಮಗುವಿಗೆ ಅಪ್ಪ–ಅಮ್ಮ ಇಬ್ಬರೂ ಇದ್ದಾರೆ. ಆದರೆ ಆ ಅಪ್ಪ ಆ ಅಮ್ಮನಿಗೆ ಹೊಡೆದಾಗ, ಇಬ್ಬರ ನಡುವೆ ಸಂಬಂಧವಿತ್ತೆಂದು ಅವಳು ಮತ್ತೆ ಮೊದಲಿನಿಂದ ಸಾಬೀತು ಮಾಡಬೇಕು!

ಉತ್ತರಾಖಂಡ ಇದಕ್ಕೆ ನೋಂದಣಿಯ ಮದ್ದು ಕಂಡುಕೊಂಡಿದೆ. 2025ರ ಜನವರಿ 27ರಿಂದ ಅಲ್ಲಿ ಸಹಜೀವನ ನಡೆಸುವವರು ತಿಂಗಳೊಳಗೆ ನೋಂದಾಯಿಸಬೇಕು, ತಪ್ಪಿದರೆ ಮೂರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ. ಬಿಟ್ಟುಹೋದವನಿಂದ ಜೀವನಾಂಶ ಕೇಳುವ ಹಕ್ಕು ಅಲ್ಲಿನ ಕಾನೂನಿನಲ್ಲಿದೆ, ಅದು ಒಳ್ಳೆಯದೇ. ಆದರೆ ವಿವರ ಠಾಣೆಗೆ ಹೋಗುತ್ತದೆ. ಇಬ್ಬರಲ್ಲಿ ಒಬ್ಬರಿಗೆ 21 ತುಂಬಿರದಿದ್ದರೆ ಪೋಷಕರಿಗೂ ಹೋಗುತ್ತದೆ. ಮರ್ಯಾದೆಗೇಡು ಹತ್ಯೆಗಳ ಈ ದೇಶದಲ್ಲಿ ಇದು ರಕ್ಷಣೆಯ ಹೆಸರಿನ ಕಾವಲು. ನೋಂದಾಯಿಸದವಳು ಏಟು ತಿಂದರೆ ದೂರು ಕೊಡಲು ಬಂದು ತಾನೇ ಆರೋಪಿಯಾದಾಳು.

ದಾರಿ ಇದಕ್ಕಿಂತ ಸರಳವಿದೆ. ಬ್ರಿಟನ್ನಿನ 2021ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಮದುವೆಗಷ್ಟೇ ನಿಲ್ಲದೆ, ಆಪ್ತ ಸಂಬಂಧವಿದ್ದವರನ್ನೂ ಒಂದೇ ಮಗುವಿನ ಪೋಷಕರನ್ನೂ ಪರಸ್ಪರ ಸಂಬಂಧವುಳ್ಳವರೆಂದು ಎಣಿಸುತ್ತದೆ. ಕ್ಯಾಲಿಫೋರ್ನಿಯಾದ ಕಾನೂನಿನಲ್ಲೂ ಇಬ್ಬರಿಗೆ ಮಗುವಿದ್ದರೆ ಸಾಕು. ನಮ್ಮ 2013ರ ತೀರ್ಪು ಕೂಡ ಮಗುವಿರುವುದು ಮದುವೆಯ ಸ್ವರೂಪದ ಸಂಬಂಧಕ್ಕೆ ಬಲವಾದ ಸೂಚನೆ ಎಂದು ಪಟ್ಟಿ ಮಾಡಿದೆ. ಆ ಸೂಚನೆಯನ್ನು ಕಾನೂನಾಗಿಸಿ. ಸೆಕ್ಷನ್ 2(ಎಫ್)ಗೆ ಒಂದು ಸಾಲು ಸೇರಿಸಿ, ಒಂದೇ ಮಗುವಿನ ತಂದೆ–ತಾಯಿಯಾದವರ ನಡುವೆ, ಅವರಲ್ಲೊಬ್ಬರಿಗೆ ಬೇರೆ ಮದುವೆಯಾಗಿದ್ದರೂ, ಕೌಟುಂಬಿಕ ಸಂಬಂಧವಿದೆ ಎಂದು ಬರೆಯಿರಿ. ಇದರಿಂದ ಹೆಂಡತಿಯ ಹಕ್ಕು ಕಿತ್ತುಕೊಂಡಂತಾಗುತ್ತದೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಆಸ್ತಿಯ ಪ್ರಶ್ನೆ ಬೇರೆ, ಹೊಡೆಯಬೇಡ ಎಂಬ ಆದೇಶ ಬೇರೆ. ಎರಡನೆಯದನ್ನು ಯಾರಿಗೆ ಕೊಟ್ಟರೂ ಇನ್ನೊಬ್ಬರಿಗೆ ನಷ್ಟವಿಲ್ಲ.

ತಿದ್ದುಪಡಿಗೆ ಕಾಯದೆ ರಾಜ್ಯ ಮಾಡಬಹುದಾದ ಕೆಲಸವೂ ಇದೆ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ನೊಂದವರಿಗೆ ನೆರವಾಗಬೇಕಾದ ಸಂರಕ್ಷಣಾಧಿಕಾರಿಯ ಹೊಣೆ ಕರ್ನಾಟಕದಲ್ಲಿ ಸಿಡಿಪಿಒಗಳ (ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ) ಹೆಗಲ ಮೇಲಿದೆ. ಅಂಗನವಾಡಿ, ಪೌಷ್ಟಿಕ ಆಹಾರ, ನೇಮಕಾತಿ, ಸಮೀಕ್ಷೆಗಳ ನಡುವೆ ಅವರು ಇದನ್ನೂ ಮಾಡಬೇಕು. ಮೊದಲ ವಿಚಾರಣೆಯಿಂದ 60 ದಿನದೊಳಗೆ ಅರ್ಜಿ ತೀರ್ಮಾನವಾಗಬೇಕೆಂಬ ಕಾಯ್ದೆಯ ಮಾತು ಉಳಿಯಬೇಕಾದರೆ ಈ ಕೆಲಸಕ್ಕೇ ಮೀಸಲಾದ ಅಧಿಕಾರಿ ಬೇಕು. ಮದುವೆಯಾಗಿದೆಯೇ ಎಂದು ಕೇಳುವ ಮುನ್ನ ಹಿಂಸೆಯ ವರದಿ ಬರೆದುಕೊಳ್ಳಬೇಕೆಂಬ ಸುತ್ತೋಲೆ ಹೊರಡಿಸಲು ಯಾವ ಸಂಸತ್ತಿನ ಅಪ್ಪಣೆಯೂ ಬೇಡ.

ಪಕ್ಕದ ಮನೆಯ ಗೋಡೆಯಾಚೆಯಿಂದ ಸದ್ದು ಕೇಳಿಯೂ ‘ಅವರೇನು ಮದುವೆಯಾದವರೇ’ ಎಂದು ಟಿ.ವಿ. ಸದ್ದು ಏರಿಸುವವರಿಗೆ ಒಂದು ಮಾತು. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಸೆಕ್ಷನ್ 4ರ ಪ್ರಕಾರ ಹಿಂಸೆ ನಡೆಯುತ್ತಿದೆ ಎಂದು ಅನಿಸಿದ ಯಾರೇ ಆದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಕೇಸೂ ನಿಲ್ಲುವುದಿಲ್ಲ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.